ಆಟ ಕೆಟ್ಟದ್ದು ಮಕ್ಕಳಿಂದಲ್ಲ

ಕಳೆದ ಬೇಸಿಗೆ ರಜೆಯಲ್ಲಿ ನಮಗೆ ಮೂರು ದಿನದ ತರಬೇತಿ ಇತ್ತು. ಶಿಕ್ಷಕರ ತರಬೇತಿ ಎಂದರೆ ನಿಮಗೆ ಗೊತ್ತಲ್ಲ, ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ ಸಾರು, ಎರಡರ ನಡುವೆ ಗೋಡೆಯ ಮೇಲೆ ಬೀಳುವ ಚಿತ್ರಗಳು. ಎರಡನೆಯ ದಿನ ಬಂದ ಸಂಪನ್ಮೂಲ ವ್ಯಕ್ತಿ ನನ್ನ ಮಗನ ವಯಸ್ಸಿನವನು, ಚುರುಕಾದ ಹುಡುಗ. ಮಕ್ಕಳ ಕಲಿಕೆಗೆ ಮೊಬೈಲ್ ಆಟಗಳು ಎಂಬುದು ಅವನ ವಿಷಯ. ಮಾತಿನ ನಡುವೆ ಒಂದು ಮಾತು ಹೇಳಿದ: ಪಾಠ ಕಲಿಸುವ ಕಂಪ್ಯೂಟರ್ ಆಟಗಳು ಅಮೆರಿಕದಲ್ಲಿ ಹಿಂದೆಯೇ ಬಂದಿದ್ದವು, ಮಕ್ಕಳಿಗೆ ಬೇಡವಾದವು, ಸತ್ತವು, ಮಕ್ಕಳಿಗೆ ಬೇಕಾದದ್ದು ಬಣ್ಣ, ವೇಗ, ಬಹುಮಾನ, ಅದನ್ನು ಕೊಟ್ಟರೆ ಪಾಠ ತಾನಾಗಿ ಒಳಗಿಳಿಯುತ್ತದೆ. ಸಭೆ ತಲೆದೂಗಿತು. ನಾನು ಕೈ ಎತ್ತಿದೆ. ಮೈಕು ನನ್ನ ಸಾಲಿಗೆ ಬರುವಷ್ಟರಲ್ಲಿ ಊಟಕ್ಕೆ ಕರೆದರು.

ಅವತ್ತು ಗಂಟಲಲ್ಲಿ ಉಳಿದದ್ದನ್ನು ಇಲ್ಲಿ ಹೇಳುತ್ತೇನೆ. ವಿಡಿಯೋ ಗೇಮ್ ಬಗ್ಗೆ ಈ ಐವತ್ತು ದಾಟಿದ ಟೀಚರ್‌ಗೆ ಏನು ಗೊತ್ತು ಎಂದು ನೀವು ಕೇಳಬಹುದು. ಎಲ್ಲ ಗೊತ್ತೆಂದು ನಾನೂ ಹೇಳುವುದಿಲ್ಲ. ಆದರೆ ಆ ಹುಡುಗ 'ಸತ್ತವು' ಎಂದನಲ್ಲ, ಅವುಗಳಲ್ಲಿ ಎರಡನ್ನು ನನ್ನ ಮನೆಯ ನಡುಮನೆಯಲ್ಲೇ ಮಕ್ಕಳು ಆಡಿದ್ದನ್ನು ಕಂಡವಳು ನಾನು. ಅವು ಹೇಗೆ ಹುಟ್ಟಿದವು, ಯಾರ ಕೈಗೆ ಸಿಕ್ಕವು ಎಂಬುದನ್ನು ಆಮೇಲೆ ಕುತೂಹಲಕ್ಕೆ ಓದಿ ತಿಳಿದುಕೊಂಡೆ. ಓದಿದಷ್ಟೂ ಸಿಟ್ಟು ಬಂತು.

1971ನೆಯ ಇಸವಿ. ಅಮೆರಿಕದ ಮಿನಿಸೋಟ ರಾಜ್ಯದ ಮಿನಿಯಾಪೊಲಿಸ್‌ನ ಒಂದು ಶಾಲೆಗೆ ಡಾನ್ ರಾವಿಚ್ ಎಂಬ ತರುಣ ಪಾಠದ ಅಭ್ಯಾಸಕ್ಕೆ ಬಂದಿದ್ದ. ನಾವು ಬಿ.ಎಡ್.ನಲ್ಲಿ ಪ್ರಾಕ್ಟೀಸ್ ಟೀಚಿಂಗ್ ಎಂದು ಹೋಗಿ, ಹಿಂದಿನ ಬೆಂಚಿನಲ್ಲಿ ಕೂತ ಮಾಸ್ತರರ ಎದುರು ಕೈ ನಡುಗಿಸಿಕೊಂಡು ನಿಲ್ಲುತ್ತೇವಲ್ಲ, ಅದೇ. ಅವನ ಪಾಲಿಗೆ ಬಂದದ್ದು ಎಂಟನೆಯ ತರಗತಿಯ ಇತಿಹಾಸ. ಹತ್ತೊಂಬತ್ತನೆಯ ಶತಮಾನದಲ್ಲಿ ಜನ ಗಾಡಿ ಕಟ್ಟಿಕೊಂಡು ಎರಡು ಸಾವಿರ ಮೈಲಿ ಪಶ್ಚಿಮಕ್ಕೆ, ಆರೆಗಾನ್ ಕಡೆಗೆ, ವಲಸೆ ಹೋದ ಪಾಠ. ನಾನಾಗಿದ್ದರೆ ಒಂದು ಚಾರ್ಟು ಬರೆದು ನೇತುಹಾಕುತ್ತಿದ್ದೆ. ಅವನು ಭೂಪಟದ ಮೇಲೆ ಆಡುವ ಆಟವೊಂದನ್ನು ಯೋಚಿಸಿದ. ಜೊತೆಯಲ್ಲಿ ಕೋಣೆ ಹಂಚಿಕೊಂಡಿದ್ದ ಬಿಲ್ ಹೈನೆಮನ್, ಪಾಲ್ ಡಿಲೆನ್‌ಬರ್ಗರ್ ಇಬ್ಬರೂ ಗಣಿತದ ಅಭ್ಯಾಸಿ ಶಿಕ್ಷಕರು. ಇದನ್ನು ಕಂಪ್ಯೂಟರಿಗೆ ಹಾಕೋಣ ಎಂದವರು ಅವರು. ಎರಡು ವಾರದಲ್ಲಿ 'ಆರೆಗಾನ್ ಟ್ರೇಲ್' ಸಿದ್ಧವಾಯಿತು.

ಬಣ್ಣವಿರಲಿ, ಅದಕ್ಕೆ ಪರದೆಯೇ ಇರಲಿಲ್ಲ. ತರಗತಿಯಲ್ಲಿದ್ದದ್ದು ಟೆಲಿಫೋನ್ ತಂತಿಯ ಮೂಲಕ ಎಲ್ಲೋ ಇದ್ದ ಕಂಪ್ಯೂಟರಿಗೆ ಸೇರಿದ ಒಂದು ಟೈಪ್ ಯಂತ್ರ. ನಾವು ಕೇಳಿದ್ದಕ್ಕೆ ಉತ್ತರ ಕಾಗದದ ಸುರುಳಿಯ ಮೇಲೆ ಕಟಕಟ ಎಂದು ಅಚ್ಚಾಗುತ್ತಿತ್ತು. ಬೇಟೆಯಾಡಬೇಕೆಂದರೆ 'ಬ್ಯಾಂಗ್' ಎಂಬ ಪದವನ್ನು ತಪ್ಪಿಲ್ಲದೆ, ಬೇಗ ಟೈಪ್ ಮಾಡಬೇಕು. ಅಷ್ಟೇ ಅದರ ವೈಭವ. ಮಕ್ಕಳು ಮುಗಿಬಿದ್ದರು. ಟೈಪ್ ಬಲ್ಲವರು ಯಂತ್ರದ ಮುಂದೆ, ಲೆಕ್ಕ ಬಲ್ಲವರು ದುಡ್ಡಿನ ಉಸ್ತುವಾರಿಗೆ, ಇನ್ನೊಬ್ಬರು ನಕ್ಷೆಗೆ ಎಂದು ತಾವೇ ಕೆಲಸ ಹಂಚಿಕೊಂಡರು. ಇಂಥ ಗುಂಪು ಕೆಲಸ ಮಾಡಿಸಲು ನಮಗೆ ಈಗ ಸುತ್ತೋಲೆಯ ಮೇಲೆ ಸುತ್ತೋಲೆ ಬರುತ್ತದೆ.

ಅವಧಿ ಮುಗಿದಾಗ ರಾವಿಚ್ ಆಟವನ್ನು ಯಂತ್ರದಿಂದ ಅಳಿಸಿ, ಅದರ ಸಾಲುಗಳನ್ನೆಲ್ಲ ಕಾಗದದಲ್ಲಿ ಅಚ್ಚು ಹಾಕಿಸಿಕೊಂಡು ಮನೆಗೆ ಒಯ್ದ. ಮೂರು ವರ್ಷವಾದ ಮೇಲೆ, 1974ರಲ್ಲಿ, ಶಾಲೆಗಳಿಗೆ ಕಂಪ್ಯೂಟರ್ ಒದಗಿಸಲೆಂದು ಮಿನಿಸೋಟ ರಾಜ್ಯವೇ ಕಟ್ಟಿದ್ದ ಮೆಕ್ ಎಂಬ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿ, ಆ ಸುರುಳಿಯನ್ನು ನೋಡಿಕೊಂಡು ಮತ್ತೆ ಸಾಲು ಸಾಲಾಗಿ ಟೈಪ್ ಮಾಡಿದ. ಈ ಸಲ ವಲಸಿಗರು ಬರೆದಿಟ್ಟ ದಿನಚರಿಗಳನ್ನು ಓದಿ, ದಾರಿಯಲ್ಲಿ ಯಾವ ಕಷ್ಟ ಎಷ್ಟು ಬಾರಿ ಬರುತ್ತಿತ್ತೋ ಆಟದಲ್ಲೂ ಹಾಗೆಯೇ ಬರುವಂತೆ ತಿದ್ದಿದ. ಈ ಮೂವರಿಗೂ ಆಟದಿಂದ ದುಡ್ಡು ಬರಲಿಲ್ಲ. 1985ರಲ್ಲಿ ಅದೇ ಸಂಸ್ಥೆ ಚಿತ್ರಗಳನ್ನು ಸೇರಿಸಿ ಹೊಸದಾಗಿ ಮಾಡಿತು. ಒಂದು ತಲೆಮಾರಿನ ಅಮೆರಿಕನ್ ಮಕ್ಕಳು ಶಾಲೆಯಲ್ಲಿ ಆಡಿದ್ದು ಅದನ್ನೇ.

ಇನ್ನೊಬ್ಬರ ಕಥೆ ಕೇಳಿ, ಇವರು ಹೆಂಗಸು. ಆನ್ ಪೀಸ್ಟ್ರಪ್. ಮೊದಲು ಕ್ರೈಸ್ತ ಸನ್ಯಾಸಿನಿಯಾಗಿದ್ದವರು, ಟೀಚರ್ ಆಗಿದ್ದವರು, ಆಮೇಲೆ ಶಿಕ್ಷಣ ಮನೋವಿಜ್ಞಾನ ಓದಿದವರು. 1973ರಲ್ಲಿ ಅವರು ಬರೆದ ಪ್ರಬಂಧ ಕರಿಯ ಮಕ್ಕಳಿದ್ದ ಒಂದನೆಯ ತರಗತಿಗಳ ಬಗ್ಗೆ. ಮನೆಮಾತಿನ ಧಾಟಿಯಲ್ಲಿ ಮಗು ಓದಿದಾಗಲೆಲ್ಲ ತಡೆದು ತಡೆದು ತಿದ್ದುವ ಟೀಚರ್‌ಗಳ ತರಗತಿಯಲ್ಲಿ ಮಕ್ಕಳು ಓದಿನಲ್ಲಿ ಹಿಂದೆ ಬೀಳುತ್ತಾರೆ ಎಂದು ಅವರು ಕಂಡುಕೊಂಡರು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. 'ಹಾಲು' ಎನ್ನಲು 'ಆಲು' ಎಂದ ಎಷ್ಟು ಮಕ್ಕಳನ್ನು ನಾನು ನಿಲ್ಲಿಸಿ, ಮೂರು ಸಲ ಹೇಳಿಸಿ, ಕೊನೆಗೆ ಬಾಯಿಯೇ ಬಿಡದಂತೆ ಮಾಡಿದ್ದೇನೋ! ಇರಲಿ. ಆ ಹೆಂಗಸು 1980ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 'ದಿ ಲರ್ನಿಂಗ್ ಕಂಪನಿ' ಕಟ್ಟಿದರು. ಅಲ್ಲಿ ಲೆಸ್ಲಿ ಗ್ರಿಮ್ ಎಂಬ ಇನ್ನೊಬ್ಬಾಕೆ, ವಾರನ್ ರಾಬಿನೆಟ್ ಜೊತೆ ಸೇರಿ 1982ರಲ್ಲಿ 'ರಾಕೀಸ್ ಬೂಟ್ಸ್' ಮಾಡಿದರು. ಮಗು ತಂತಿ ಜೋಡಿಸಿ ಪುಟ್ಟ ಯಂತ್ರ ಕಟ್ಟಬೇಕು. 'ಇದು ಮತ್ತು ಅದು', 'ಇದು ಅಥವಾ ಅದು', 'ಇದಲ್ಲ' ಎಂಬ ತರ್ಕದಲ್ಲಿ ಸರಿಯಾದ ಆಕೃತಿ ಬಂದಾಗ ಮಾತ್ರ ಬೂಟು ಒದೆಯಬೇಕು. ಪದ ಕಲಿಸುವ 'ರೀಡರ್ ರ್‍ಯಾಬಿಟ್' ಎಂಬ ಮೊಲದ ಸರಣಿಯೂ ಗ್ರಿಮ್ ಅವರ ಕೈಯಿಂದಲೇ ಬಂದದ್ದು.

ಇಂಗ್ಲಿಷ್ ಟೀಚರ್ ಜಾನ್ ಡೇವಿಡ್‌ಸನ್ ಮಾಡಿದ 'ಮ್ಯಾಥ್ ಬ್ಲಾಸ್ಟರ್' ಕೂಡ ಅದೇ ಕಾಲದ್ದು. ಅದನ್ನು ನಾನು ಅಷ್ಟು ಮೆಚ್ಚುವುದಿಲ್ಲ. ಮಗ್ಗಿಯನ್ನೇ ಫಿರಂಗಿಯಲ್ಲಿಟ್ಟು ಹಾರಿಸಿದಂತೆ ಅದು. ಆದರೂ ಮಕ್ಕಳು ಎಲ್ಲಿ ತಡವರಿಸುತ್ತಾರೆಂದು ಬಲ್ಲವರ ಕೆಲಸ.

ಈಗ ನನ್ನ ಮನೆಗೆ ಬರೋಣ. ನಮ್ಮಣ್ಣ ಆಗ ಮಿನಿಯಾಪೊಲಿಸ್‌ನಲ್ಲೇ ಕೆಲಸದಲ್ಲಿದ್ದ. 1997ರಲ್ಲಿ ಊರಿಗೆ ಬಂದಾಗ ಒಂದು ಹಳೆಯ ಕಂಪ್ಯೂಟರನ್ನೂ, ಯಾರದೋ ಮನೆ ಮುಂದೆ ಹಳೇ ಸಾಮಾನು ಮಾರುವಾಗ ಕೊಂಡ ಒಂದಷ್ಟು ಫ್ಲಾಪಿಗಳನ್ನೂ ತಂದ. ನಮ್ಮದು ತಿಪಟೂರು. ಭಾನುವಾರ ನನ್ನ ಎಂಟನೆಯ ತರಗತಿಯ ಹತ್ತು ಹನ್ನೆರಡು ಮಕ್ಕಳು ಮನೆಗೆ ಬರುವ ರೂಢಿಯಾಯಿತು. ಆರೆಗಾನ್ ಗಾಡಿಗೆ ಅವರು ತಮ್ಮ ಅಣ್ಣತಮ್ಮಂದಿರ ಹೆಸರಿಟ್ಟರು. ಬೇಟೆಯಲ್ಲಿ ಸಾವಿರ ಪೌಂಡಿನ ಕಾಡೆಮ್ಮೆ ಕೊಂದರೂ ಗಾಡಿಗೆ ಹೊರಲಾಗುವುದು ನೂರೇ ಪೌಂಡು ಎಂದು ಯಂತ್ರ ಹೇಳಿದಾಗ ಒಬ್ಬ ಹುಡುಗ, 'ಮತ್ಯಾಕೆ ಮಿಸ್ ಅಷ್ಟು ಕೊಂದೆ ನಾನು?' ಎಂದ. ಆ ಪ್ರಶ್ನೆಯನ್ನು ನನ್ನ ಯಾವ ಪಾಠವೂ ಅವನಿಂದ ಕೇಳಿಸಿರಲಿಲ್ಲ.

ಎರಡನೆಯದು 'ಕಾರ್ಮೆನ್ ಸ್ಯಾಂಡಿಯೇಗೋ'. ಕೆಂಪು ಕೋಟಿನ ಕಳ್ಳಿ ಅವಳು. ಬ್ರೋಡರ್‌ಬಂಡ್ ಕಂಪನಿ 1985ರಲ್ಲಿ ತಂದದ್ದು. ಅವಳ ಗುಂಪಿನವರು ಊರೂರು ಓಡುತ್ತಾರೆ, ನೀವು ಪತ್ತೇದಾರರಾಗಿ ಬೆನ್ನು ಹತ್ತಬೇಕು. ಭಾನುವಾರ ಸಂಜೆ ಐದರೊಳಗೆ ಹಿಡಿಯಬೇಕು. ಮೂವತ್ತು ನಗರಗಳು: ನಮ್ಮ ನವದೆಹಲಿ, ಕೊಲಂಬೊ, ಕಠ್ಮಂಡುವಿನಿಂದ ಹಿಡಿದು ಬಮಾಕೊ, ಮೊರೋನಿವರೆಗೆ. ಮೊರೋನಿ ಎಲ್ಲಿದೆ ಎಂದು ಬಿ.ಎ. ಓದಿದ ನನಗೇ ಗೊತ್ತಿರಲಿಲ್ಲ. ಕಳ್ಳ ತನ್ನ ದುಡ್ಡನ್ನು ಫೋರಿಂಟ್‌ಗೆ ಬದಲಾಯಿಸಿಕೊಂಡ, ಅವನ ವಿಮಾನದ ಬಾವುಟದಲ್ಲಿ ಇಂಥ ಬಣ್ಣವಿತ್ತು, ಈ ಬಗೆಯ ಸುಳಿವು ಸಿಗುತ್ತದೆ. ಆದರೆ ಉತ್ತರ ಯಂತ್ರದೊಳಗಿಲ್ಲ! ಆಟದ ಪೆಟ್ಟಿಗೆಯಲ್ಲೇ ಒಂದು ದಪ್ಪ ಪುಸ್ತಕ ಕೊಡುತ್ತಿದ್ದರು, 'ವರ್ಲ್ಡ್ ಆಲ್ಮನ್ಯಾಕ್'. ಹುಡುಕಿಕೊಳ್ಳಬೇಕು.

ಆ ಗುಂಪಿನಲ್ಲಿ ತೆಂಗಿನ ನಾರಿನ ಕೆಲಸಕ್ಕೆ ಹೋಗುವವರ ಮಗಳೊಬ್ಬಳಿದ್ದಳು. ತರಗತಿಯಲ್ಲಿ ಬಾಯಿ ಬಿಡದವಳು. ದಡ್ಡಿ ಎಂದು ನಾವೆಲ್ಲ ತೀರ್ಮಾನಿಸಿದ್ದೆವು. ಇಂಗ್ಲಿಷ್ ಓದಲು ಬಾರದು, ಅಕ್ಷರ ಮಾತ್ರ ಗೊತ್ತು. ಮೂರನೆಯ ಭಾನುವಾರ ಅವಳು ಆ ಪುಸ್ತಕದ ಹಿಂಬದಿಯಲ್ಲಿ ಅಕ್ಷರಾನುಕ್ರಮದ ಪಟ್ಟಿ ಇರುವುದನ್ನು ತಾನೇ ಕಂಡುಹಿಡಿದಳು. ಪರದೆಯ ಮೇಲಿನ ಪದದ ಅಕ್ಷರ ಒಂದೊಂದೇ ಹಿಡಿದುಕೊಂಡು, ಬೆರಳಿಟ್ಟು, ಪುಟ ತೆಗೆದು 'ಇಲ್ಲಿ ಮಿಸ್' ಎನ್ನುತ್ತಿದ್ದಳು. ಓದಲು ಬಲ್ಲ ಡಾಕ್ಟರ ಮಗ ಅವಳ ಪಕ್ಕದಲ್ಲಿ ಕೂರಲು ಜಗಳವಾಡುತ್ತಿದ್ದ. ನಮ್ಮ ಪಠ್ಯಪುಸ್ತಕಕ್ಕೆ ಅಂಥ ಪಟ್ಟಿಯೇ ಇರಲಿಲ್ಲ. ಪುಸ್ತಕದಲ್ಲಿ ಹುಡುಕುವುದು ಎಂಬ ಕೆಲಸ ಇದೆಯೆಂದು ನಾನು ಯಾರಿಗೂ ಕಲಿಸಿರಲಿಲ್ಲ.

ಇಷ್ಟು ಚೆನ್ನಾಗಿದ್ದದ್ದು ಏನಾಯಿತು? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ದೊಣ್ಣೆ ಯಾರ ಕೈಯಲ್ಲಿತ್ತು ನೋಡಿ.

ಸಾಫ್ಟ್‌ಕೀ ಎಂಬ ಕಂಪನಿಯಿತ್ತು. ಅಗ್ಗದ ಸಿಡಿಗಳನ್ನು ಅಂಗಡಿಯಲ್ಲಿ ಸಾಬೂನಿನ ಹಾಗೆ ಪೇರಿಸಿ ಮಾರುವುದು ಅದರ ಕಸುಬು. ಅದರ ಮುಂದಾಳುಗಳಲ್ಲಿ ಒಬ್ಬರಾದ ಕೆವಿನ್ ಓಲಿಯರಿ, ಮೊದಲು ಬಿಸ್ಕತ್ತಿನ ಕಂಪನಿಯೊಂದರಲ್ಲಿ ಬೆಕ್ಕಿನ ಆಹಾರದ ಮಾರಾಟ ನೋಡಿಕೊಂಡಿದ್ದವರು. 1995ರಲ್ಲಿ ಲರ್ನಿಂಗ್ ಕಂಪನಿಗೂ ಬ್ರೋಡರ್‌ಬಂಡ್‌ಗೂ ಸಂಬಂಧ ಕುದುರಿ, ಒಂದಾಗುವ ಮಾತಾಗಿತ್ತು. ಮಂಟಪಕ್ಕೆ ನುಗ್ಗಿದ ಹಾಗೆ ಸಾಫ್ಟ್‌ಕೀ ಬಂದು, ಹೆಚ್ಚು ಹಣ ತೋರಿಸಿ, ಸುಮಾರು 60 ಕೋಟಿ ಡಾಲರಿಗೆ ಲರ್ನಿಂಗ್ ಕಂಪನಿಯನ್ನು ಎತ್ತಿಕೊಂಡು ಹೋಯಿತು. ಅಷ್ಟೇ ಅಲ್ಲ, ಆ ಹೆಸರನ್ನೂ ತಾನೇ ತೊಟ್ಟುಕೊಂಡಿತು. 1996ರಲ್ಲಿ ಮೆಕ್ ಕೂಡ ಅದರ ಪಾಲಾಯಿತು, ಸುಮಾರು 37 ಕೋಟಿ ಡಾಲರಿಗೆ. ಮಿನಿಸೋಟ ರಾಜ್ಯ ತನ್ನ ಮಕ್ಕಳಿಗೆಂದು ಕಟ್ಟಿದ ಈ ಸಂಸ್ಥೆಯನ್ನು ಐದು ವರ್ಷ ಮುಂಚೆ ಖಾಸಗಿಯವರಿಗೆ ಕೊಟ್ಟದ್ದು ಬರೀ ಐವತ್ತು ಲಕ್ಷ ಚಿಲ್ಲರೆ ಡಾಲರಿಗೆ! 1998ರಲ್ಲಿ ಬ್ರೋಡರ್‌ಬಂಡ್ ಸರದಿ. ಕೊಂಡೊಡನೆ ನೂರಾರು ಜನರನ್ನು ಮನೆಗೆ ಕಳಿಸಿದರು. 1999ರಲ್ಲಿ ಈ ಮೂಟೆಯನ್ನೆಲ್ಲ ಬಾರ್ಬಿ ಗೊಂಬೆಯ ಮ್ಯಾಟೆಲ್ ಕಂಪನಿ ಸುಮಾರು 350 ಕೋಟಿ ಡಾಲರಿಗೆ ಕೊಂಡಿತು.

ಕೊಂಡು ಬಿಚ್ಚಿ ನೋಡಿದರೆ ಒಳಗೆ ಕಾಳಿಲ್ಲ. ಅದೇ ವರ್ಷದ ಮೂರನೆಯ ತ್ರೈಮಾಸಿಕದಲ್ಲಿ ಲಾಭ ಬರಬೇಕಾದ ಕಡೆ ಹತ್ತು ಕೋಟಿ ಡಾಲರಿಗೂ ಮೀರಿದ ನಷ್ಟ. ಮಿನಿಸೋಟದ ಮೆಕ್ ಕಚೇರಿಗೆ ಬೀಗ ಬಿತ್ತು. ಮ್ಯಾಟೆಲ್‌ನ ಮುಖ್ಯಸ್ಥೆ ಜಿಲ್ ಬರಾಡ್ 2000ದ ಫೆಬ್ರವರಿಯಲ್ಲಿ ಕುರ್ಚಿ ಬಿಟ್ಟರು. ಬಾರ್ಬಿಯ ಮಾರಾಟ ಬೆಳೆಸಿ ಮೇಲೇರಿ ಬಂದ ಹೆಂಗಸು ಆಕೆ. ಹೆಣ್ಣೆಂದು ನಾನೇನೂ ಆಕೆಯ ಪಕ್ಷ ವಹಿಸುವುದಿಲ್ಲ. ಸೊಪ್ಪಿನ ಕಟ್ಟನ್ನೂ ಬಿಚ್ಚಿ ನೋಡಿ ಕೊಳ್ಳುವವರು ನಾವು. ಆದರೆ ಕಟ್ಟಿನೊಳಗೆ ಹುಲ್ಲು ತುಂಬಿದವರು ಲಾಭದೊಂದಿಗೆ ಹೊರಗೆ ನಡೆದರು. ಓಲಿಯರಿ ಆಮೇಲೆ ಟೀವಿಯಲ್ಲಿ ವ್ಯಾಪಾರದ ಬುದ್ಧಿ ಹೇಳುವವರಾದರು. ಆ ವರ್ಷದ ಕೊನೆಗೆ ಮ್ಯಾಟೆಲ್ ಆ ಮೂಟೆಯನ್ನು ಮುಂಗಡ ಒಂದು ಕಾಸೂ ತೆಗೆದುಕೊಳ್ಳದೆ ಬೇರೆಯವರಿಗೆ ದಾಟಿಸಿತು.

ಡೇವಿಡ್‌ಸನ್ ದಂಪತಿ ತಮ್ಮದನ್ನು ತಾವೇ ಮಾರಿದರು, 1996ರಲ್ಲಿ, ರಿಯಾಯಿತಿ ಕೂಟಗಳ ಸದಸ್ಯತ್ವ ಮಾರುವ ಸಿಯುಸಿ ಎಂಬ ಕಂಪನಿಗೆ. ಆ ಕಂಪನಿ ಇಲ್ಲದ ಲಾಭವನ್ನು ವರ್ಷಗಟ್ಟಲೆ ಲೆಕ್ಕದಲ್ಲಿ ಬರೆದುಕೊಂಡಿದ್ದು 1998ರಲ್ಲಿ ಬಯಲಾಯಿತು. ಮ್ಯಾಥ್ ಬ್ಲಾಸ್ಟರ್ ಕೈಯಿಂದ ಕೈಗೆ ಹೋಗಿ, ಕೊನೆಗೆ ಅದನ್ನು ಇಟ್ಟುಕೊಂಡಿದ್ದ ಜಂಪ್‌ಸ್ಟಾರ್ಟ್ ಕಂಪನಿ 2023ರಲ್ಲಿ ಬಾಗಿಲು ಹಾಕಿತು.

ಈ ಕೊಡುಕೊಳ್ಳುವಿಕೆಯಲ್ಲಿ ಎಲ್ಲಿಯಾದರೂ ಒಂದು ಮಗು ಕಂಡಿತೇ ನಿಮಗೆ? ನನಗೆ ಕಾಣಲಿಲ್ಲ. ಕೊಂಡವರಿಗೆ ಬೇಕಾದದ್ದು ಆಟವಲ್ಲ, ಆಟದ ಹೆಸರು. ನಮ್ಮೂರಲ್ಲೇ ಒಬ್ಬ ಅಜ್ಜಿಯ ಸಾರಿನ ಪುಡಿಗೆ ಹೆಸರಿತ್ತು. ಅವರು ತೀರಿಕೊಂಡ ಮೇಲೆ ಹೆಸರನ್ನು ಯಾರೋ ಕೊಂಡರು. ಪೊಟ್ಟಣದ ಮೇಲೆ ಅಜ್ಜಿಯ ಚಿತ್ರ ಹಾಗೇ ಇದೆ, ಕುಂಕುಮವನ್ನೂ ದೊಡ್ಡದು ಮಾಡಿದ್ದಾರೆ. ಒಳಗೆ ಕೊತ್ತಂಬರಿ ಬೀಜವನ್ನು ಹುಡುಕಬೇಕು. ಕಾರ್ಮೆನ್‌ಗೂ ಹೀಗೆಯೇ ಆಯಿತು. ಬರಬರುತ್ತಾ ದಪ್ಪ ಪುಸ್ತಕ ಹೋಗಿ ಮಾಹಿತಿಯೆಲ್ಲ ಪರದೆಯೊಳಗೇ ಸೇರಿತು. 2004ರಲ್ಲಿ ಅದೇ ಕೆಂಪು ಕೋಟಿನ ಹೆಸರಲ್ಲಿ ಬಂದದ್ದು ಓಡುವ, ನೆಗೆಯುವ ಆಟ. ಭೂಗೋಳ ಅದರಲ್ಲಿ ಪಾಯಸದ ದ್ರಾಕ್ಷಿಯಷ್ಟು. 2011ರಲ್ಲಿ ಕಾರ್ಮೆನ್, ಆರೆಗಾನ್ ಎರಡನ್ನೂ ಫೇಸ್‌ಬುಕ್ಕಿಗೆ ತಂದರು. ಎರಡೂ ಬಾಳಲಿಲ್ಲ.

ಬೆಲೆ ಇಳಿದರೆ ಬಡವರ ಮಕ್ಕಳಿಗೂ ಸಿಗುತ್ತದಲ್ಲ, ತಪ್ಪೇನು ಎಂದು ನನ್ನ ಸಹೋದ್ಯೋಗಿಯೊಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ. ಆರೆಗಾನ್ ಟ್ರೇಲ್ ಮೊದಲು ಬಡವರ ಮಕ್ಕಳಿಗೆ ಸಿಕ್ಕಿದ್ದು ಬೆಲೆ ಇಳಿದದ್ದರಿಂದಲ್ಲ, ಒಂದು ಸರ್ಕಾರ ಅದನ್ನು ಶಾಲೆಗೆ ತಲುಪಿಸಿದ್ದರಿಂದ. ಅಗ್ಗವಾಗಿ ಮಾರಬೇಕೆಂದಾಗ ಮೊದಲು ಕಡಿಮೆಯಾದದ್ದು ಹೊಸದನ್ನು ಯೋಚಿಸುವವರ ಸಂಬಳ. ಇಂಟರ್‌ನೆಟ್ ಬಂದು ಎಲ್ಲ ಪುಕ್ಕಟೆ ಸಿಗತೊಡಗಿದ್ದೂ ಹೊಡೆತ ಕೊಟ್ಟಿತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಇಂಟರ್‌ನೆಟ್ ಮನೆಮನೆಗೆ ಬರುವ ಮುಂಚೆಯೇ ಬೇರು ಕಡಿದಾಗಿತ್ತು.

ಹಳೆಯದೆಲ್ಲ ಚಿನ್ನವೆಂದೂ ನಾನು ಹೇಳುವುದಿಲ್ಲ. ಆರೆಗಾನ್ ಟ್ರೇಲ್‌ಗೆ ಒಂದು ದೊಡ್ಡ ಕುರುಡು ಇತ್ತು: ವಲಸಿಗರ ಗಾಡಿಯೊಳಗಿಂದ ಮಾತ್ರ ಅದು ಲೋಕವನ್ನು ನೋಡುತ್ತದೆ. ಆ ನೆಲ ಯಾರದಾಗಿತ್ತು, ಗಾಡಿಗಳು ಬಂದ ಮೇಲೆ ಅವರೇನಾದರು ಎಂದು ಕೇಳುವುದಿಲ್ಲ. ಸರಣಿ ಬೆಳೆಯಬೇಕಿದ್ದ ದಿಕ್ಕು ಅದು. ಒಬ್ಬ ಟೀಚರ್ ಅದರ ಹತ್ತಿರ ಇದ್ದಿದ್ದರೆ ಕೈ ಹಾಕುತ್ತಿದ್ದಳು. ಮೂಲನಿವಾಸಿ ಇತಿಹಾಸಕಾರರನ್ನು ಕೂರಿಸಿಕೊಂಡು ಅದನ್ನು ತಿದ್ದಿ ಹೊಸ ಆಟ ತಂದದ್ದು 2021ರಲ್ಲಿ, ಗೇಮ್‌ಲಾಫ್ಟ್ ಎಂಬ ಕಂಪನಿ. ಐವತ್ತು ವರ್ಷ ಬೇಕಾಯಿತು! ಆದರೂ ಮಾಡಿದರಲ್ಲ, ಅವರಿಗೆ ನಮಸ್ಕಾರ.

ನನ್ನ ತಪ್ಪನ್ನೂ ಹೇಳದೆ ಇದನ್ನು ಮುಗಿಸಲಾರೆ. 2004ರ ಸುಮಾರಿಗೆ ಹಳೆಯ ಕಂಪ್ಯೂಟರ್ ಕೆಟ್ಟು, ಹೊಸದು ಬಂತು. ಹಬ್ಬದ ಮುಂಗಡದ ದುಡ್ಡಲ್ಲಿ ನಾನೇ ಬೆಂಗಳೂರಿಗೆ ಹೋಗಿ ಕಲಿಕೆಯ ಆಟದ ನಾಲ್ಕು ಸಿಡಿ ತಂದೆ. ಯಾವುವು ಎಂಬುದು ಬೇಡ. ಬಣ್ಣದ ಪೆಟ್ಟಿಗೆ, ಹಾಡುವ ಪ್ರಾಣಿಗಳು. ಮಕ್ಕಳು ಏನನ್ನೂ ಓದದೆ ಟಕಟಕ ಒತ್ತುತ್ತಿದ್ದರು. ನಾಲ್ಕು ಉತ್ತರದಲ್ಲಿ ಒಂದು ಸರಿಯಾಗುವವರೆಗೂ ಒತ್ತುವುದು, ಸರಿಯಾದ ಕೂಡಲೇ ಪರದೆ ಚಪ್ಪಾಳೆ ತಟ್ಟುವುದು. ಎರಡು ವಾರಕ್ಕೆ ಅವರಿಗೂ ಬೇಸರ ಬಂತು. 'ಈಗಿನ ಮಕ್ಕಳಿಗೆ ತಾಳ್ಮೆಯೇ ಇಲ್ಲ' ಎಂದು ಗದರಿ, ಭಾನುವಾರದ ಕೂಟ ನಿಲ್ಲಿಸಿಬಿಟ್ಟೆ. ಸ್ಟಾಫ್ ರೂಮಿನಲ್ಲಿಯೂ ಅದನ್ನೇ ಹೇಳಿಕೊಂಡು ತಿರುಗಿದೆ. ಮಕ್ಕಳು ಅದೇ ಮಕ್ಕಳು. ಕೆಲವರಂತೂ ಮೊದಲು ಬರುತ್ತಿದ್ದವರ ತಮ್ಮ ತಂಗಿಯರೇ. ಏಳು ವರ್ಷದಲ್ಲಿ ತಿಪಟೂರಿನ ರಕ್ತ ಬದಲಾಗಿತ್ತೇ? ಕೈಗೆ ಕೊಟ್ಟದ್ದು ಬದಲಾಗಿತ್ತು. ನಾನು ಪೆಟ್ಟಿಗೆ ನೋಡಿ ಕೊಂಡಿದ್ದೆ, ಬೈಸಿಕೊಂಡವರು ಅವರು. ತರಬೇತಿಯ ಆ ಹುಡುಗ ಹೇಳಿದ್ದು ನಾನು ಇಪ್ಪತ್ತು ವರ್ಷ ಹಿಂದೆ ಹೇಳಿದ ಮಾತೇ. ಅದಕ್ಕೇ ಅಷ್ಟು ಉರಿಯಿತೋ ಏನೋ.

ಈಗ ನಮ್ಮ ಶಾಲೆಗೆ ಒಂದು ಆ್ಯಪ್ ಬರುತ್ತಿದೆ. ಮಗುವೊಂದಕ್ಕೆ ವರ್ಷಕ್ಕಿಷ್ಟು ಎಂದು ಪೋಷಕರಿಂದ ವಸೂಲಿ. ಮಾದರಿಗೆಂದು ಒಂದು ಫೋನಿನಲ್ಲಿ ಹಾಕಿಕೊಟ್ಟಿದ್ದರು. ಆರನೆಯ ತರಗತಿಯ ಹುಡುಗಿಯೊಬ್ಬಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅರ್ಧ ಗಂಟೆ ನೋಡಿದೆ. ಎರಡು ಲೆಕ್ಕಕ್ಕೊಂದು ರತ್ನ, ಹತ್ತು ರತ್ನಕ್ಕೆ ಗೊಂಬೆಗೊಂದು ಟೋಪಿ. ತಪ್ಪು ಮಾಡಿದಾಗ ಯಾಕೆ ತಪ್ಪು ಎಂದು ಅದು ಹೇಳಲಿಲ್ಲ. ಅವಳೂ ಕೇಳಲಿಲ್ಲ, ಟೋಪಿಯ ಬಣ್ಣ ಆರಿಸುತ್ತಿದ್ದಳು. ನಾನು ಬೀರುವಿನಿಂದ ಆ ಹಳೆಯ ಆಲ್ಮನ್ಯಾಕ್ ತೆಗೆದು ಕೊಟ್ಟೆ. ರಟ್ಟು ಹುಳ ತಿಂದಿದೆ, ಸೋವಿಯತ್ ಒಕ್ಕೂಟ ಇನ್ನೂ ಅದರಲ್ಲಿ ಬದುಕಿದೆ. ಬಾವುಟದ ಪುಟಗಳನ್ನು ತೆರೆದು ತುಂಬ ಹೊತ್ತು ನೋಡಿದಳು.

ಬರುವ ಶನಿವಾರ ಪೋಷಕರ ಸಭೆ. ಆ್ಯಪ್ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿ ಎಂದು ಮುಖ್ಯೋಪಾಧ್ಯಾಯರು ಕೇಳಿದರು. ಅದನ್ನು ಮಾಡಿದವರಲ್ಲಿ ಒಬ್ಬರಾದರೂ ತರಗತಿಯಲ್ಲಿ ನಿಂತವರು ಇದ್ದಾರೆಯೇ ಎಂದು ಮೊದಲು ವಿಚಾರಿಸಿ, ಆಮೇಲೆ ಪ್ರತಿಯೊಬ್ಬ ಟೀಚರೂ ಒಂದೊಂದು ಮಗುವಿನ ಪಕ್ಕ ಅರ್ಧ ಗಂಟೆ ಕೂತು ನೋಡಲಿ, ಆಮೇಲೆ ದುಡ್ಡಿನ ಮಾತು, ಇದನ್ನೇ ಸಭೆಯಲ್ಲಿ ಹೇಳುತ್ತೇನೆ ಎಂದೆ. ನಿನ್ನೆ ಕಾರ್ಯಕ್ರಮದ ಪಟ್ಟಿ ಬಂತು. ನನ್ನ ಹೆಸರಿನ ಮುಂದೆ 'ವಂದನಾರ್ಪಣೆ' ಎಂದಿದೆ.